ಕಾದ ಎಂಜಿನ್‌ಗೆ ನೀರು ಬಿಡುವ ಮುನ್ನ: ಬೇಸಿಗೆಯ ಸ್ಟಾರ್ಟ್‌ನಿಂದ ಕಂಪ್ರೆಸರ್ ವಾಶ್‌ವರೆಗೆ

ಏಪ್ರಿಲ್ ಮಧ್ಯಾಹ್ನ ಯಾವುದಾದರೂ ಸಣ್ಣ ಏರೋಡ್ರೋಮ್‌ನ ಬೇಲಿ ಪಕ್ಕ ನಿಂತರೆ ಈ ನೋಟ ಸಿಕ್ಕೀತು. ವಿಮಾನದ ಪ್ರೊಪೆಲ್ಲರ್ ನಿಧಾನಕ್ಕೆ ತಿರುಗುತ್ತಿದೆ. ಪಕ್ಕದಲ್ಲಿ ಸ್ಟೀಲ್ ಡ್ರಮ್ಮು, ಅದರಿಂದ ಹೊರಟ ಪೈಪು ಕೌಲಿಂಗ್ (ಎಂಜಿನ್ ಮೇಲಿನ ಹೊದಿಕೆ) ಒಳಗೆ ಹೋಗಿದೆ. ಎಗ್ಸಾಸ್ಟ್ ಕೊಳವೆಯಿಂದ ನೀರು ಹನಿಯುತ್ತಿದೆ. ನೋಡುವವರು ಹೇಳುವುದು ಒಂದೇ: "ಸೆಕೆ ಜಾಸ್ತಿ ಅಲ್ವಾ, ಎಂಜಿನ್ ತಣ್ಣಗೆ ಮಾಡಿ ಸ್ಟಾರ್ಟ್ ಮಾಡ್ತಿದ್ದಾರೆ."

ಅಲ್ಲ. ಅವರು ಸ್ಟಾರ್ಟ್ ಮಾಡುತ್ತಲೇ ಇಲ್ಲ. ಇಂಧನ ಬಂದ್ ಆಗಿದೆ, ಕಿಡಿ ಬಂದ್ ಆಗಿದೆ, ಬರೀ ಸ್ಟಾರ್ಟರ್ ಮೋಟರ್‌ನಿಂದ ಎಂಜಿನ್ ತಿರುಗಿಸಿ ಒಳಗಿನ ಕೊಳೆ ತೊಳೆಯುತ್ತಿದ್ದಾರೆ. ಇದಕ್ಕೆ ಕಂಪ್ರೆಸರ್ ವಾಶ್ ಎನ್ನುತ್ತಾರೆ. ಕಂಪ್ರೆಸರ್ ಅಂದರೆ ಗಾಳಿಯನ್ನು ಒಳಗೆಳೆದು ಒತ್ತುವ ಎಂಜಿನ್ ಭಾಗ. ವಿಮಾನದ ಎಂಜಿನ್ನಿಗೂ ನೀರಿಗೂ ಹಳೆಯ ನಂಟಿದೆ, ಆದರೆ ಆ ನಂಟು ಎರಡೇ ಹೊತ್ತಿನದು: ಬೆಂಕಿ ಪೂರ್ತಿ ಆರಿರುವಾಗ ತೊಳೆಯಲು, ಬೆಂಕಿ ಪೂರ್ತಿ ಉರಿಯುತ್ತಿರುವಾಗ ಟೇಕಾಫ್‌ಗೆ ಬಲ ಕೊಡಲು. ಇವೆರಡರ ನಡುವೆ, ಬೆಂಕಿ ಹತ್ತುತ್ತಿರುವ ಆ 30 ಸೆಕೆಂಡಿನಲ್ಲಿ, ನೀರಿಗೆ ಕೆಲಸವಿಲ್ಲ.

ಕೆಳಗಿನ ಅಂಕಿಗಳು ಹೆಚ್ಚಾಗಿ ಸೆಸ್ನಾ ಕ್ಯಾರವಾನ್ ವಿಮಾನದ ಪಿಟಿ6ಎ-114ಎ ಎಂಜಿನ್ನಿನವು. ನಿಮ್ಮ ಎಂಜಿನ್ ಬೇರೆಯಾದರೆ ಅಂಕಿಯೂ ಬೇರೆ. ಕೈಪಿಡಿಯ ಈಚಿನ ಆವೃತ್ತಿ ತೆರೆದಿಟ್ಟುಕೊಂಡೇ ಕೆಲಸ ಮಾಡಿ, ನನ್ನ ಮಾತನ್ನು ಅದರ ಪಕ್ಕದ ಟಿಪ್ಪಣಿಯಂತೆ ಇಟ್ಟುಕೊಳ್ಳಿ.

ಬಿಸಿಲಲ್ಲಿ ಸ್ಟಾರ್ಟ್ ಯಾಕೆ ಕಷ್ಟ

ಸೌದೆ ಒಲೆ ಹೊತ್ತಿಸಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಊದುಕೊಳವೆಯಲ್ಲಿ ಗಾಳಿ ಸಾಕಷ್ಟು ಹೋದರೆ ಉರಿ ಚೊಕ್ಕ. ಗಾಳಿ ಕಮ್ಮಿಯಾಗಿ ಎಣ್ಣೆ ಜಾಸ್ತಿ ಸುರಿದರೆ ಉರಿ ಒಲೆಯ ಬಾಯಿಂದ ಆಚೆ ಬರುತ್ತದೆ. ಟರ್ಬೈನ್ ಎಂಜಿನ್ನಿನಲ್ಲಿ ಆ ಒಲೆಯ ಬಾಯಿ ಅಂದರೆ ಉರಿಯ ಬಿಸಿಗಾಳಿಗೆ ತಿರುಗುವ ಟರ್ಬೈನ್ ಬ್ಲೇಡುಗಳು.

ಬಿಸಿಗಾಳಿ ತೆಳು. ಸಮುದ್ರಮಟ್ಟದಲ್ಲಿ 15 ಡಿಗ್ರಿ ಇರುವಾಗ ಒಂದು ಘನ ಮೀಟರ್ ಗಾಳಿ 1.225 ಕಿಲೋ ತೂಗುತ್ತದೆ. 40 ಡಿಗ್ರಿಗೆ ಅದು 1.13ರ ಹತ್ತಿರ. ಬೆಂಗಳೂರಿಗೆ ಸುಮಾರು 3000 ಅಡಿಯ ಎತ್ತರವೂ ಸೇರುತ್ತದೆ, 35 ಡಿಗ್ರಿಯ ದಿನ ಇಲ್ಲಿ 1.03 ಕಿಲೋ ಅಷ್ಟೆ. ಅಂದರೆ ಎಂಜಿನ್ನಿಗೆ ಸಿಗುವ ಉಸಿರು ಆರರಲ್ಲಿ ಒಂದು ಪಾಲು ಕಮ್ಮಿ. ಇದರ ಮೇಲೆ ಬ್ಯಾಟರಿ ಸೊರಗಿರಬಹುದು, ಹಿಂದಿನ ಹಾರಾಟದ ಕಾವು ಎಂಜಿನ್ ಒಳಗೇ ಕೂತಿರುತ್ತದೆ. ಎಂಜಿನ್ ಆರಿಸಿದ ಮೇಲೆ ಐಟಿಟಿ ಮುಳ್ಳು (ಟರ್ಬೈನ್ ನಡುವಿನ ಬಿಸಿ ತೋರುವ ಮೀಟರ್) ಇಳಿಯುವ ಬದಲು ಸ್ವಲ್ಪ ಹೊತ್ತು ಏರುವುದನ್ನು ನೋಡಿ ಹೊಸಬರು ಗಾಬರಿಯಾಗುತ್ತಾರೆ. ಗಾಳಿಯ ಓಟ ನಿಂತಾಗ ಲೋಹದಲ್ಲಿನ ಕಾವು ಸುತ್ತ ಹರಡಿಕೊಳ್ಳುತ್ತದೆ, ಅಷ್ಟೆ. ಬೆಳಗಿನ ಮೊದಲ ಸ್ಟಾರ್ಟ್‌ಗಿಂತ ಪ್ರಯಾಣಿಕರನ್ನು ಇಳಿಸಿ ಅರ್ಧ ಗಂಟೆಗೆ ಮಾಡುವ ಎರಡನೇ ಸ್ಟಾರ್ಟ್ ತ್ರಾಸದಾಯಕ ಎನ್ನುವುದು ಇದಕ್ಕೇ.

ಹಾಗಾದರೆ ನೀರು ಚಿಮುಕಿಸಿದರೆ ಏನಾಯಿತು?

ಪ್ರಶ್ನೆ ಪೆದ್ದು ಅಲ್ಲ. ಮಣ್ಣಿನ ಹೂಜಿ, ಲಾವಂಚದ ತಟ್ಟಿ ತಂಪು ಕೊಡುವ ತತ್ವವೇ ಇದು. ಒಂದು ಕಿಲೋ ಗಾಳಿಯಲ್ಲಿ ಒಂದು ಗ್ರಾಂ ನೀರು ಆವಿಯಾದರೆ ಗಾಳಿ ಸುಮಾರು 2.4 ಡಿಗ್ರಿ ತಣ್ಣಗಾಗುತ್ತದೆ. ನೆಲದ ಮೇಲಿನ ಗ್ಯಾಸ್ ಟರ್ಬೈನ್ ವಿದ್ಯುತ್ ಸ್ಥಾವರಗಳು ಬೇಸಿಗೆಯಲ್ಲಿ ಗಾಳಿಗೆ ಮಂಜಿನಂಥ ನೀರು ಊದಿ ಉತ್ಪಾದನೆ ಹೆಚ್ಚಿಸಿಕೊಳ್ಳುವುದೂ ಹೀಗೆಯೇ. ಕಲಬುರಗಿಯ ಮೇ ತಿಂಗಳ 43 ಡಿಗ್ರಿ ಒಣಗಾಳಿಯನ್ನು ಪೂರ್ತಿ ತೇವ ಮಾಡಿದರೆ ಲೆಕ್ಕದಲ್ಲಿ 23-24ಕ್ಕೆ ಇಳಿದೀತು. ಮಂಗಳೂರಿನಲ್ಲಿ 33 ಡಿಗ್ರಿ, ಗಾಳಿ ಮೊದಲೇ ನೆನೆದ ಬಟ್ಟೆ. ಅಲ್ಲಿ ಎಷ್ಟು ಚಿಮುಕಿಸಿದರೂ ನಾಲ್ಕೈದು ಡಿಗ್ರಿಗಿಂತ ಹೆಚ್ಚು ಗಿಟ್ಟುವುದಿಲ್ಲ.

ಕಲಬುರಗಿಯ ಲೆಕ್ಕದಲ್ಲೂ ಒಂದು ತೊಡಕಿದೆ. ನೀರು ಕಣ್ಣಿಗೆ ಕಾಣದಷ್ಟು ಸಣ್ಣ ಹನಿಯಾಗಿ, ಕಂಪ್ರೆಸರ್ ತಲುಪುವ ಮೊದಲೇ ಆವಿಯಾಗಬೇಕು. ಸ್ಥಾವರದಲ್ಲಿ ಅದಕ್ಕೆಂದೇ ಮನೆಯಷ್ಟು ದೊಡ್ಡ ಗಾಳಿಕೋಣೆ ಇರುತ್ತದೆ. ವಿಮಾನದಲ್ಲಿ ಇರುವುದು ಮೊಣಕೈ ಉದ್ದದ ಹಾದಿ. ಹೋಸ್‌ಪೈಪಿನ ನೀರು ಹನಿಯಾಗಿಯೇ ಒಳಗೆ ನುಗ್ಗುತ್ತದೆ. ಓಡುವ ಎಂಜಿನ್ನಿನಲ್ಲಿ ಕಂಪ್ರೆಸರ್ ಗಾಳಿಯನ್ನು ಒತ್ತಿ ಒತ್ತಿ ಕಾಯಿಸುವುದರಿಂದ ಉಳಿದ ಹನಿ ಅಲ್ಲಾದರೂ ಆವಿಯಾಗುತ್ತದೆ. ಸ್ಟಾರ್ಟ್ ಹೊತ್ತಿನಲ್ಲಿ ಕಂಪ್ರೆಸರ್ ಶೇ. 12-20ರ ವೇಗದಲ್ಲಿ ಆಕಳಿಸುತ್ತಿರುತ್ತದೆ, ಒತ್ತುವುದೂ ಇಲ್ಲ, ಕಾಯಿಸುವುದೂ ಇಲ್ಲ. ನೀರು ನೀರಾಗಿಯೇ ಬೆಂಕಿಗೂಡು ಸೇರುತ್ತದೆ. ಹಸಿ ಸೌದೆ ಒಲೆ ನೆನಪಿಸಿಕೊಳ್ಳಿ: ಕಿಡಿ ಹಿಡಿಯುವುದಿಲ್ಲ, ಹಿಡಿದರೂ ಹೊಗೆ, ಉರಿಯದ ಇಂಧನ ತಳದಲ್ಲಿ ನಿಂತು ಆಮೇಲೆ ಒಮ್ಮೆಗೇ ಭಗ್ಗೆನ್ನುತ್ತದೆ.

ಇನ್ನೊಂದು ಅಪಾಯ ಕಾವಲಿಯದು. ದೋಸೆ ಹಾಕುವ ಮುಂಚೆ ಕಾದ ಕಾವಲಿಗೆ ನಾಲ್ಕು ಹನಿ ಚಿಮುಕಿಸಿದರೆ ಚುಂಯ್ ಎನ್ನುತ್ತದೆ. ಅದೇ ಎರಕದ ಕಾವಲಿಗೆ ಒಂದು ಚೊಂಬು ನೀರು ಸುರಿದರೆ ಸೀಳು ಬಿಡುತ್ತದೆ. ಬಿಸಿ ಟರ್ಬೈನಿನ ಬ್ಲೇಡು, ಅವುಗಳ ನಡುವಿನ ಕದಲದ ವೇನ್‌ಗಳದ್ದೂ ಅದೇ ಹಣೆಬರಹ. ಕಾವಲಿಗಾದರೆ ಸಂತೆಯಲ್ಲಿ ಬದಲಿ ಸಿಗುತ್ತದೆ.

ನೀರು ಕುಡಿದ ಎಂಜಿನ್ ಮತ್ತೆ ಹೊತ್ತಿಕೊಳ್ಳಲು ಹೇಗೆ ಒದ್ದಾಡುತ್ತದೆ ಎಂಬುದಕ್ಕೆ ದೊಡ್ಡ ಉದಾಹರಣೆ 24 ಮೇ 1988ರದು. ಟಾಕಾ ಸಂಸ್ಥೆಯ ಬೋಯಿಂಗ್ 737-300 ನ್ಯೂ ಆರ್ಲಿಯನ್ಸ್‌ಗೆ ಇಳಿಯುವಾಗ ಜಡಿಮಳೆ, ಆಲಿಕಲ್ಲಿಗೆ ಸಿಕ್ಕಿ ಎರಡೂ ಎಂಜಿನ್ ಆರಿಹೋದವು. ಮತ್ತೆ ಹೊತ್ತಿಸಿದರು, ಹೊತ್ತಿದವು, ಆದರೆ ವೇಗ ಹಿಡಿಯಲಿಲ್ಲ. ಥ್ರಾಟಲ್ ಮುಂದೊತ್ತಿದರೆ ಬಿಸಿ ಮಾತ್ರ ಮಿತಿ ಮೀರಿ ಏರಿತು. ಕೊನೆಗೆ ಎರಡನ್ನೂ ಆರಿಸಿ, ಅದೇ ನಗರದ ಮಿಶೂದ್‌ನ ಒಡ್ಡಿನ ಪಕ್ಕದ ಹುಲ್ಲಿನ ಮೇಲೆ ಇಳಿಸಿದರು. 45 ಜನರೂ ಉಳಿದರು. ಅದು ಆಕಾಶದ ನೀರು, ನಮ್ಮದು ಪೈಪಿನ ನೀರು. ಎಂಜಿನ್ನಿಗೆ ಆ ಭೇದ ತಿಳಿಯದು.

ಬೇಸಿಗೆ ಸ್ಟಾರ್ಟ್: ನೀರಿಲ್ಲದೆ ಬಿಸಿ ಇಳಿಸುವ ಬಗೆ

ಕೆಲಸ ಪೈಲಟ್ ಸೀಟಿಗೆ ಏರುವ ಮೊದಲೇ ಶುರು. ವಿಮಾನ ನಿಲ್ಲಿಸುವಾಗಲೇ ಮೂಗು ಗಾಳಿಗೆ ಎದುರಾಗಿರಲಿ. ಕ್ಯಾರವಾನಿನ ಎಗ್ಸಾಸ್ಟ್ ಮುಂಭಾಗದ ಬಲಗಡೆ ಇದೆ. ಹಿಂದಿನಿಂದ ಬೀಸುವ ಗಾಳಿ ಅದರ ಬಾಯಿಗೆ ಅಡ್ಡ ಕೂತರೆ ಬಿಸಿ ಹೊರಹೋಗದು. ಟೋಬಾರ್ (ವಿಮಾನ ಎಳೆಯುವ ಕಂಬಿ) ಹಾಕಿ ವಿಮಾನ ತಿರುಗಿಸಲು ಐದು ನಿಮಿಷ ಸಾಕು. ಆ ಐದು ನಿಮಿಷಕ್ಕೆ ಸೋಮಾರಿತನ ಮಾಡಿದವರು ಆಮೇಲೆ ಮುಳ್ಳನ್ನು ನೋಡುತ್ತಾ ಬೆವರುತ್ತಾರೆ.

ಎರಡನೆಯದು ಕರೆಂಟು. ಬ್ಯಾಟರಿ 24 ವೋಲ್ಟ್‌ಗಿಂತ ಕೆಳಗಿದ್ದರೆ ಸ್ಟಾರ್ಟ್ ಪ್ರಯತ್ನವೇ ಬೇಡ, 28 ವೋಲ್ಟಿನ ಗ್ರೌಂಡ್ ಪವರ್ (ಹೊರಗಿನ ಕರೆಂಟು) ಹಾಕಿ. ನನ್ನನ್ನು ಕೇಳಿದರೆ, 38 ಡಿಗ್ರಿ ದಾಟಿದ ದಿನ ಬ್ಯಾಟರಿ ಎಷ್ಟೇ ಚೆನ್ನಾಗಿರಲಿ ಗ್ರೌಂಡ್ ಪವರ್ ಹಾಕುವುದೇ ಜಾಣತನ. ಬೇಸಿಗೆಯಲ್ಲಿ ಬಿಸಿ ಮಿತಿ ಮೀರುವ ಹಾಟ್ ಸ್ಟಾರ್ಟ್‌ಗಳಲ್ಲಿ ನಾನು ಕಂಡ ಬಹುಪಾಲಿಗೆ ಕಾರಣ ಬಿಸಿಲಲ್ಲ, ಸೋತ ಬ್ಯಾಟರಿ.

ಇನ್ನು ಸ್ಟಾರ್ಟರ್ ಒತ್ತಿ. ಎನ್‌ಜಿ, ಅಂದರೆ ಗ್ಯಾಸ್ ಜನರೇಟರಿನ ವೇಗ, ಶೇ. 12 ದಾಟದೆ ಇಂಧನ ಬಿಡುವಂತಿಲ್ಲ. 12 ಕಂಡ ತಕ್ಷಣ ಇಂಧನದ ಲಿವರ್ ತಳ್ಳುವ ಚಾಳಿ ಬಿಡಿ. ವೇಗ ಏರಿ ಏರಿ ನಿಂತುಕೊಳ್ಳುತ್ತದಲ್ಲ, 15ಕ್ಕೋ 18ಕ್ಕೋ, ಅಲ್ಲಿವರೆಗೆ ಕಾಯಿರಿ. ಐಟಿಟಿ ಇನ್ನೂ ಮೇಲಿದ್ದರೆ ಅನುಭವಿಗಳು ಅದು 150 ಡಿಗ್ರಿಗಿಂತ ಕೆಳಗೆ ಬರಲಿ ಎಂದು ಹಾಗೇ ತಿರುಗಿಸುತ್ತಾ ಇರುತ್ತಾರೆ. ಬಿಸಿಲಲ್ಲಿ ನಿಮಗೆ ಬೇಕಿದ್ದ ತಂಪು ಇದೇ, ಬರೀ ಗಾಳಿಯ ತಂಪು. ದೊಡ್ಡ ವಿಮಾನಗಳಲ್ಲೂ ಇದೇ ಕತೆ: ಎ320 ನಿಯೋ ಎಂಜಿನ್‌ಗಳು ಇಂಧನ ಬಿಡುವ ಮುಂಚೆ ತಮ್ಮಷ್ಟಕ್ಕೆ ತಾವೇ ತಿರುಗಿ ಕಾವು ಕಳೆದುಕೊಳ್ಳುತ್ತವೆ. ಕಿಟಕಿ ಪಕ್ಕ ಕೂತು "ಇನ್ನೂ ಯಾಕೆ ಹೊರಡಲಿಲ್ಲ" ಅನ್ನಿಸುವುದು ಆಗಲೇ.

ಸ್ಟಾರ್ಟರ್‌ಗೂ ಮಿತಿ ಇದೆ, ಮರೆಯಬೇಡಿ. ಕ್ಯಾರವಾನಿನಲ್ಲಿ 30 ಸೆಕೆಂಡ್ ಓಟ, 60 ಸೆಕೆಂಡ್ ವಿಶ್ರಾಂತಿ. ಮತ್ತೆ 30, ಮತ್ತೆ 60. ಮತ್ತೆ 30, ಆಮೇಲೆ 30 ನಿಮಿಷ ಮುಟ್ಟುವಂತಿಲ್ಲ. ತಂಪು ಮಾಡಲು ತಿರುಗಿಸಿದ ಸಮಯವೂ ಈ ಲೆಕ್ಕದಲ್ಲೇ ಬರುತ್ತದೆ.

ಇಂಧನ ಬಿಟ್ಟ ಮೇಲೆ ಒಂದು ಕೈ ಲಿವರ್ ಮೇಲೆ, ಎರಡೂ ಕಣ್ಣು ಐಟಿಟಿ ಮೇಲೆ. ಸ್ಟಾರ್ಟ್ ಮಿತಿ 1090 ಡಿಗ್ರಿ, ಅದೂ 2 ಸೆಕೆಂಡಿಗೆ ಮಾತ್ರ. ಮುಳ್ಳು 1090 ಮುಟ್ಟಲಿ ಎಂದು ಕಾಯುವವನು ತಡ ಮಾಡಿದವನು. ನೋಡಬೇಕಾದದ್ದು ಮುಳ್ಳು ಎಲ್ಲಿದೆ ಅಂತಲ್ಲ, ಎಷ್ಟು ಜೋರಾಗಿ ಓಡುತ್ತಿದೆ ಅಂತ. ಬಿಸಿ ಏರುತ್ತಿದೆ, ಎನ್‌ಜಿ ಮಾತ್ರ ಏರದೆ ಕೂತಿದೆ ಎಂದರೆ ಲಿವರನ್ನು ಇಂಧನ ನಿಲ್ಲಿಸುವ ಕಟಾಫ್‌ಗೆ ಎಳೆಯಿರಿ, ಸ್ಟಾರ್ಟರ್ ಮಾತ್ರ ಬಿಡಬೇಡಿ. ತಿರುಗುವ ಗಾಳಿಯೇ ಒಳಗಿನ ಬೆಂಕಿ ಊದಿ ಆಚೆ ಹಾಕುವುದು. 10 ಸೆಕೆಂಡಿನಲ್ಲಿ ಹೊತ್ತಿಕೊಳ್ಳದಿದ್ದರೂ ಕಟಾಫ್. ಆಗ ಇಂಧನ ಬಸಿಯಲು 30 ಸೆಕೆಂಡ್ ಬಿಟ್ಟು, ಇಂಧನ, ಕಿಡಿ ಎರಡೂ ಇಲ್ಲದೆ ಬರೀ ಸ್ಟಾರ್ಟರಿನ ಒಣ ಓಟ ಮಾಡಿ, ಅನಂತರವೇ ಮುಂದಿನ ಪ್ರಯತ್ನ. ಮಿತಿ ಮೀರಿದ್ದರೆ ಅಂಕಿ ಮತ್ತು ಸೆಕೆಂಡು ಎರಡನ್ನೂ ಬರೆದಿಡಿ. ಮುಚ್ಚಿಟ್ಟ ಹಾಟ್ ಸ್ಟಾರ್ಟ್ ಮುಂದಿನ ಹಾಟ್ ಸೆಕ್ಷನ್ (ಬೆಂಕಿಗೂಡು, ಟರ್ಬೈನ್) ತಪಾಸಣೆಯಲ್ಲಿ ಬಾಯಿ ಬಿಟ್ಟೇ ಬಿಡುತ್ತದೆ.

ಕಂಪ್ರೆಸರ್ ವಾಶ್: ನೀರಿನ ನಿಜವಾದ ಜಾಗ

ಪಿಟಿ6 ಹಿಂದಿನಿಂದ ಉಸಿರೆಳೆದು ಮುಂದಿನಿಂದ ಬಿಡುವ ವಿಚಿತ್ರ ಪ್ರಾಣಿ. ಗಾಳಿಯನ್ನು ನೇರ ತಳ್ಳುವ ಮೂರು ಹಂತದ ಅಕ್ಷೀಯ ಕಂಪ್ರೆಸರ್, ಹಿಂದೆಯೇ ಅದನ್ನು ಅಂಚಿಗೆ ಚಿಮ್ಮಿಸಿ ಒತ್ತುವ ಒಂದು ಸೆಂಟ್ರಿಫ್ಯೂಗಲ್. ಈ ಬ್ಲೇಡುಗಳ ಮೇಲೆ ಧೂಳು, ಎಣ್ಣೆ ಜಿಡ್ಡು ಕೂತರೆ ಅದೇ ಶಕ್ತಿಗೆ ಹೆಚ್ಚು ಇಂಧನ, ಹೆಚ್ಚು ಐಟಿಟಿ. ಕರಾವಳಿಯಲ್ಲಾದರೆ ಉಪ್ಪು. ಆವಿಯ ತಂಪು ಕೊಡದ ಅದೇ ಮಂಗಳೂರು ಗಾಳಿಯೇ ಎಂಜಿನ್ನಿಗೆ ಮೇಲಿಂದ ಮೇಲೆ ಸ್ನಾನ ಬೇಡುತ್ತದೆ. ಬೇಸಿಗೆ ಸ್ಟಾರ್ಟ್ ಬಿಸಿ ಏರುತ್ತಿದೆ ಎನ್ನುವವರಿಗೆ ನಾನು ಮೊದಲು ಕೇಳುವುದು: ಕೊನೆಯ ವಾಶ್ ಯಾವಾಗ?

ಎಂಜಿನ್ ಆರಿಸಿ ಕನಿಷ್ಠ 40 ನಿಮಿಷ ತಣಿಯಲಿ. ಬೇಸಿಗೆಯಲ್ಲಿ ನಾನು ಇನ್ನೂ ಹೆಚ್ಚು ಬಿಡುತ್ತೇನೆ, ಸಾಧ್ಯವಾದರೆ ಬೆಳಗಿನ ಜಾವಕ್ಕೇ ವಾಶ್ ಇಟ್ಟುಕೊಳ್ಳುತ್ತೇನೆ. ಕಾವಲಿಯ ಮಾತು ಆಗಲೇ ಆಡಿದ್ದೇನೆ.

ನೀರಿನ ವಿಷಯದಲ್ಲಿ ಕಂಜೂಸಿ ಬೇಡ. ಬೆಂಗಳೂರಿನ ಬೋರ್‌ವೆಲ್ ನೀರು ಕಾಯಿಸುವ ಗೀಜರ್ ಕಾಯಿಲ್ ಬಿಚ್ಚಿ ನೋಡಿದ್ದೀರಾ? ಸುಣ್ಣದ ಆ ಬಿಳಿ ಪದರವೇ ಬ್ಲೇಡಿನ ಮೇಲೂ ಕೂರುತ್ತದೆ. ಕೊಳೆ ತೆಗೆಯಲು ಹೋಗಿ ಸುಣ್ಣ ಬಳಿದ ಹಾಗೆ. ಖನಿಜ ತೆಗೆದ ನೀರು ತನ್ನಿ, ಡ್ರಮ್ಮಿಗೆ ಹಾಕುವ ಮೊದಲು ಟಿಡಿಎಸ್ (ಕರಗಿದ ಖನಿಜದ ಅಳತೆ) ಮೀಟರ್ ಅದ್ದಿ ನೋಡಿ. ಡ್ರಮ್ಮಿನ ಮೇಲೆ ದಪ್ಪಕ್ಷರದಲ್ಲಿ ಹೆಸರು ಬರೆದಿರಲಿ. ಇದು ಯಾಕೆ ಜೀವದ ಮಾತು ಎನ್ನುವುದನ್ನು ಮುಂದೆ ಹೇಳುತ್ತೇನೆ. ಲಡಾಖ್‌ನಂಥ ಕಡೆ, ತಾಪ 2 ಡಿಗ್ರಿಗಿಂತ ಕೆಳಗಿದ್ದರೆ, ಹೆಪ್ಪುಗಟ್ಟದಂತೆ ಮೆಥನಾಲ್ ಬೆರೆಸಬೇಕಾಗುತ್ತದೆ. ಇಲ್ಲಿ ಆ ತಲೆನೋವಿಲ್ಲ.

ಕಾಕ್‌ಪಿಟ್‌ನಲ್ಲಿ ಇಂಧನ ಲಿವರ್ ಕಟಾಫ್. ಕಿಡಿಯ, ಅಂದರೆ ಇಗ್ನಿಷನ್, ಸರ್ಕಿಟ್ ಬ್ರೇಕರ್ ಎಳೆದು, ಯಾರೂ ಮತ್ತೆ ಒತ್ತದಂತೆ ಕಾಲರ್ ಹಾಕಿ. ಬ್ಲೀಡ್ ಏರ್ (ಕಂಪ್ರೆಸರಿನಿಂದ ಕ್ಯಾಬಿನ್ನಿಗೆ ಎಳೆಯುವ ಗಾಳಿ) ಆಫ್. ಈ ಮೂರನ್ನೂ ಬಾಯಿಬಿಟ್ಟು ಹೇಳಿ, ಎದುರಿನವರು ಮರುನುಡಿಯಲಿ. ನನ್ನ ಆರಂಭದ ದಿನಗಳಲ್ಲಿ ಒಮ್ಮೆ ಬ್ಲೀಡ್ ಸ್ವಿಚ್ ಮರೆತೆ. ವಾಶ್ ಚೆನ್ನಾಗೇ ಆಯಿತು. ಮರುದಿನ ಕ್ಯಾಬಿನ್ ಗಾಳಿ ಹಾಕಿದಾಗ ಒದ್ದೆ ಗೋಣಿಚೀಲದ ವಾಸನೆ, ಜೊತೆಗೆ ಸೋಪಿನ ಘಾಟು. ಎರಡು ದಿನ ಡಕ್ಟ್ ಬಿಚ್ಚಿ ಒಣಗಿಸಿದೆ. ಹಿರಿಯರು ಬೈಯಲಿಲ್ಲ, ಪ್ರತಿ ಸಲ ಆ ವಿಮಾನ ಬಂದಾಗ ಮೂಗು ಮುಚ್ಚಿಕೊಂಡು ನನ್ನ ಕಡೆ ನೋಡುತ್ತಿದ್ದರು, ಅಷ್ಟೆ. ಇದಕ್ಕಿಂತ ಸೂಕ್ಷ್ಮವಾದದ್ದು ಇಂಧನ ನಿಯಂತ್ರಕಕ್ಕೆ ಹೋಗುವ ಪಿ3 ಗಾಳಿಕೊಳವೆ. ಅದರಲ್ಲಿ ನೀರು ಸೇರಿದರೆ ನಿಯಂತ್ರಕ ತಪ್ಪು ಲೆಕ್ಕ ಹಾಕುತ್ತದೆ. ಕೈಪಿಡಿ ಹೇಳಿದಂತೆ ಅದನ್ನು ಕಾಪಾಡಿಕೊಳ್ಳಿ.

ಇಬ್ಬರು ಬೇಕೇ ಬೇಕು: ಒಬ್ಬರು ಸ್ಟಾರ್ಟರ್‌ಗೆ, ಒಬ್ಬರು ನೀರಿನ ವಾಲ್ವ್‌ಗೆ. ಮೂರನೆಯವರಿದ್ದರೆ ಪ್ರೊಪೆಲ್ಲರ್ ಹತ್ತಿರ ಯಾರೂ ಸುಳಿಯದಂತೆ ನೋಡಿಕೊಳ್ಳಲಿ. ಸ್ಟಾರ್ಟರ್ ಒತ್ತಿ, ಎನ್‌ಜಿ ಶೇ. 5ರ ಸುಮಾರಿಗೆ ಬಂದಾಗ ಕೈಸನ್ನೆ ಮಾಡಿ ನೀರು ಬಿಡಿ. ಡ್ರಮ್ಮಿನ ಒತ್ತಡ 30ರಿಂದ 50 ಪಿಎಸ್‌ಐ. ಸ್ಟಾರ್ಟರ್ ಬಿಟ್ಟ ಮೇಲೂ ಎಂಜಿನ್ ತಿರುಗುತ್ತಿರುತ್ತದೆ, ವೇಗ ಮತ್ತೆ ಶೇ. 5ಕ್ಕೆ ಇಳಿಯುವಾಗ ನೀರು ಬಂದ್. ನಿಂತ ಎಂಜಿನ್ನಿಗೆ ನೀರು ತುಂಬುವುದು ತೊಳೆಯುವುದಲ್ಲ.

ಸೋಪು ಹಾಕಿದ್ದರೆ 15-20 ನಿಮಿಷ ನೆನೆಯಲು ಬಿಟ್ಟು ಆಮೇಲೆ ಬರೀ ನೀರಿನಲ್ಲಿ ಜಾಲಿಸಬೇಕು. ಎಗ್ಸಾಸ್ಟ್ ಕೆಳಗೊಂದು ಬಿಳಿ ಬಕೆಟ್ ಇಡಿ. ಮೊದಲ ಸಲ ಬರುವುದು ಗಟ್ಟಿ ಡಿಕಾಕ್ಷನ್ ಬಣ್ಣ, ಮೇಲೆ ಎಣ್ಣೆಯ ಬಣ್ಣಬಣ್ಣದ ಪೊರೆ. ಎರಡನೇ ಸಲ ತೆಳು ಚಹಾ. ಮೂರನೆಯದಕ್ಕೆ ಬಕೆಟ್ಟಿನ ತಳ ಕಾಣಬೇಕು. ನೊರೆ ಇನ್ನೂ ಇದ್ದರೆ ಮತ್ತೊಂದು ಸುತ್ತು. ಇಷ್ಟೂ ಹೊತ್ತು ಸ್ಟಾರ್ಟರ್‌ನ 30-60 ಲೆಕ್ಕ ತಪ್ಪಬಾರದು. ಹಾಗಾಗಿ ಇಡೀ ಕೆಲಸ ಗಡಿಯಾರ ನೋಡಿಕೊಂಡು ಕೂರುವುದೇ ಜಾಸ್ತಿ.

ಪೈಪು ಕಳಚಿ, ಡ್ರೇನ್‌ಗಳು ಹನಿಯುವುದು ನಿಂತ ಮೇಲೆ ಎಂಜಿನ್ ಸ್ಟಾರ್ಟ್ ಮಾಡಿ ಒಣಗಿಸಿ. ಪಿಟಿ6ನಲ್ಲಿ ಸಾಮಾನ್ಯವಾಗಿ ಎನ್‌ಜಿ ಶೇ. 80ರ ಹತ್ತಿರ ಕನಿಷ್ಠ ಒಂದು ನಿಮಿಷ. ತೊಳೆದು ಒಣಗಿಸದೆ ಹಾಗೇ ಬಿಡುವುದು ತುಕ್ಕಿಗೆ ಕೊಟ್ಟ ಆಮಂತ್ರಣ.

ಟೇಕಾಫ್‌ಗೆ ನೀರು ಕುಡಿಯುವ ಎಂಜಿನ್‌ಗಳು

ಇಲ್ಲಿ ನೀರು ಬೆಂಕಿಯ ಜೊತೆಗೇ ಹೋಗುತ್ತದೆ, ಆದರೆ ಪೂರ್ತಿ ವೇಗ ಹಿಡಿದ ಮೇಲೆ. ಅಮೆರಿಕದ ಕೆಸಿ-135ಎ ಟ್ಯಾಂಕರ್ ವಿಮಾನ ಸುಮಾರು 2500 ಲೀಟರ್ ಖನಿಜರಹಿತ ನೀರನ್ನು ಟೇಕಾಫ್‌ನ ಎರಡು ನಿಮಿಷದಲ್ಲಿ ನಾಲ್ಕು ಎಂಜಿನ್‌ಗಳಿಗೆ ಕುಡಿಸಿ, ಹಿಂದೆ ಕಪ್ಪು ಹೊಗೆಯ ಗೋಡೆ ಎಬ್ಬಿಸುತ್ತಿತ್ತು. ಗೋವಾದಿಂದ ಹಾರುತ್ತಿದ್ದ ನಮ್ಮ ನೌಕಾಪಡೆಯ ಸೀ ಹ್ಯಾರಿಯರ್‌ಗಳೂ ನೀರಿನ ಟ್ಯಾಂಕ್ ಹೊತ್ತಿದ್ದವು. ಬಿಸಿಲಲ್ಲಿ ಗಾಳಿಯಲ್ಲೇ ನಿಂತು ಇಳಿಯುವಾಗ ಟರ್ಬೈನ್ ಕರಗದಂತೆ ಕಾಯಲು.

ನಮ್ಮವರಿಗೆ ಹೆಚ್ಚು ಪರಿಚಿತ ಎಂದರೆ ಆವ್ರೋ, ಕಾನ್ಪುರದಲ್ಲಿ ಎಚ್‌ಎಎಲ್ ಕಟ್ಟಿದ ಎಚ್‌ಎಸ್-748. 1961ರ ನವೆಂಬರ್ 1ರಂದು ಅದರ ಮೊದಲ ಹಾರಾಟ. ಅದರ ರೋಲ್ಸ್‌ರಾಯ್ಸ್ ಡಾರ್ಟ್ ಎಂಜಿನ್ನಿಗೆ ಬಿಸಿ ದಿನದಲ್ಲಿ ಕಳೆದುಹೋದ ಟೇಕಾಫ್ ಶಕ್ತಿ ಮರಳಿಸಲು ನೀರು-ಮೆಥನಾಲ್ ಮಿಶ್ರಣ ಹಾಯಿಸುತ್ತಿದ್ದರು. ನೀರು ತಂಪಿಗೆ, ಮೆಥನಾಲ್ ಹೆಪ್ಪುಗಟ್ಟದಿರಲು, ಜೊತೆಗೆ ತಾನೂ ಒಂದಿಷ್ಟು ಉರಿಯಲು. ಇದರಲ್ಲೂ ಸ್ಟಾರ್ಟ್ ಮಾತ್ರ ಒಣಗೇ.

ಇಂಥ ಎಂಜಿನ್ ನಿಮ್ಮ ಕೈಗೆ ಬಂದರೆ ಮೆಥನಾಲ್‌ಗೆ ಹೆದರಿ. ಅದು ವಿಷ, ಬಾಯಿಂದ ಪೈಪ್ ಎಳೆಯುವ ಹಳೇ ಪೆಟ್ರೋಲ್ ಚಾಳಿ ಇಲ್ಲಿ ಕಣ್ಣು ಕಳೆದೀತು. ಅದರ ಉರಿ ನೀಲಿ, ಮಟಮಟ ಮಧ್ಯಾಹ್ನದ ಬಿಸಿಲಲ್ಲಿ ಕಾಣುವುದೇ ಇಲ್ಲ.

ಡ್ರಮ್ಮಿನ ಹೆಸರಿನ ಮಾತು ಈಗ. 6 ಸೆಪ್ಟೆಂಬರ್ 1971ರಂದು ಪಾನ್‌ಇಂಟರ್‌ನ್ಯಾಷನಲ್ ಸಂಸ್ಥೆಯ ಬಿಎಸಿ 1-11 ಹ್ಯಾಂಬರ್ಗ್‌ನಿಂದ ಎದ್ದಿತು. ಅದರ ಎಂಜಿನ್‌ಗಳಿಗೂ ಟೇಕಾಫ್ ನೀರು ಬೇಕಿತ್ತು. ಟ್ಯಾಂಕಿಗೆ ನೀರೆಂದು ತುಂಬಿದ್ದರಲ್ಲಿ ಸೀಮೆಎಣ್ಣೆ, ಅಂದರೆ ಜೆಟ್ ಇಂಧನ, ಸೇರಿತ್ತು. ತಂಪು ಮಾಡಬೇಕಾದ ಜಾಗದಲ್ಲಿ ಬೆಂಕಿಗೆ ಎಣ್ಣೆ. ನೆಲ ಬಿಟ್ಟ ಸ್ವಲ್ಪ ಹೊತ್ತಿಗೆ ಎರಡೂ ಎಂಜಿನ್ ಕೈಕೊಟ್ಟವು. ಹೆದ್ದಾರಿಯ ಮೇಲೆ ಇಳಿಸಲು ಹೋದ ವಿಮಾನ ಸೇತುವೆಗೆ ಬಡಿಯಿತು. 121 ಜನರಲ್ಲಿ 22 ಮಂದಿ ತೀರಿಕೊಂಡರು. ಎರಡೂ ಬಣ್ಣವಿಲ್ಲದ ದ್ರವ, ಕ್ಯಾನಿನಲ್ಲಿ ನೋಡಿದರೆ ಗುರುತು ಹತ್ತದು. ಮೂಸಿ ನೋಡಲು ಎರಡು ಸೆಕೆಂಡು ಬೇಕಿತ್ತು.

ಕೊನೆಗೆ ಪುಸ್ತಕ

ವಾಶ್ ಆದ ಮೇಲೆ ಮೊದಲ ಹಾರಾಟದಲ್ಲಿ ಅದೇ ಎತ್ತರ, ಅದೇ ಟಾರ್ಕ್ (ಪ್ರೊಪೆಲ್ಲರ್ ತಿರುಗಿಸುವ ಬಲ), ಹತ್ತಿರದ ಹೊರತಾಪ ಹಿಡಿದು ಐಟಿಟಿ ಬರೆದುಕೊಳ್ಳಿ, ಹಿಂದಿನದರ ಪಕ್ಕ ಇಡಿ. ಇಳಿದಿದ್ದರೆ ಕೊಳೆಯೇ ಕಾರಣವಾಗಿತ್ತು. ಇಳಿಯದಿದ್ದರೆ ಇನ್ನಷ್ಟು ತೊಳೆದು ಪ್ರಯೋಜನವಿಲ್ಲ, ಬ್ಲೀಡ್ ಸೋರಿಕೆಯೋ ಫ್ಯುಯೆಲ್ ನಾಝಲ್ಲೋ ಹುಡುಕಿ. ಲಾಗ್‌ಬುಕ್‌ನಲ್ಲಿ ದಿನಾಂಕ, ನೀರಿನ ಟಿಡಿಎಸ್, ಸೋಪಿನ ಹೆಸರು, ಎಷ್ಟು ಸುತ್ತು ಎಲ್ಲ ಬರಲಿ. ಸಹಿ ಹಾಕುವುದು ಲೈಸೆನ್ಸ್ ಇರುವ ಎಂಜಿನಿಯರ್, ಮತ್ತು ಇಗ್ನಿಷನ್ ಬ್ರೇಕರಿನ ಕಾಲರ್ ತೆಗೆದದ್ದನ್ನು ಕಣ್ಣಾರೆ ನೋಡಿದ ಮೇಲೆ.